ಬಂದರು ತಪ್ಪಿದ ವಿಹಾರನೌಕೆ: ಪ್ರಯಾಣಿಕರು ಯಾವ ಪರಿಹಾರವನ್ನು ನಿರೀಕ್ಷಿಸಬಹುದು?

ಕ್ರೂಸ್ ಎಂದೇ ರೂಢಿಯಲ್ಲಿರುವ ವಿಹಾರನೌಕೆಯ ಪ್ರವಾಸ ಈಗ ನಮ್ಮ ಕನ್ನಡ ಕುಟುಂಬಗಳಿಗೆ ಅಪರಿಚಿತವಲ್ಲ. ಮುಂಬಯಿಯಿಂದ ಗೋವಾ ಮತ್ತು ಲಕ್ಷದ್ವೀಪಕ್ಕೆ, ಚೆನ್ನೈಯಿಂದ ಶ್ರೀಲಂಕೆಗೆ ಹೋಗಿಬಂದವರು, ವಿದೇಶದಲ್ಲಿರುವ ಮಕ್ಕಳೊಡನೆ ಮೆಡಿಟರೇನಿಯನ್ ಸಮುದ್ರದಲ್ಲಿ ಯಾನ ಮಾಡಿದವರು ನಮ್ಮ ಸಂಘದಲ್ಲೇ ಹಲವರಿದ್ದಾರೆ.

ಅಂಥವರಲ್ಲಿ ಒಬ್ಬರಾದ ಹಿರಿಯ ದಂಪತಿಗಳು ತಮ್ಮ ವಿವಾಹದ ಐವತ್ತನೆಯ ವರ್ಷದ ನೆನಪಿಗೆಂದು ಲಕ್ಷದ್ವೀಪದ ಯಾನವನ್ನು ಆರಿಸಿಕೊಂಡಿದ್ದರು. ಬೆಳಗ್ಗೆ ಎದ್ದಾಗ ದ್ವೀಪ ಕಣ್ಣೆದುರಿಗೇ ಇತ್ತು. ಆದರೆ ಅಲೆಗಳ ಅಬ್ಬರದಿಂದಾಗಿ ದೋಣಿಗಳನ್ನು ಇಳಿಸಲಾಗದು ಎಂಬ ಪ್ರಕಟಣೆ ಕೇಳಿಬಂತು. ಮಧ್ಯಾಹ್ನದ ಹೊತ್ತಿಗೆ ಹಡಗು ಮುಖ ತಿರುಗಿಸಿತು. ಊರಿಗೆ ಮರಳಿದ ಮೇಲೆ ಅವರು ನಮ್ಮನ್ನು ಕೇಳಿದ ಪ್ರಶ್ನೆ ಇದು: "ದ್ವೀಪ ನೋಡುವುದಕ್ಕೆಂದೇ ಹೋದೆವು. ದ್ವೀಪವೇ ಇಲ್ಲವೆಂದ ಮೇಲೆ ಅರ್ಧ ಹಣವಾದರೂ ಹಿಂದಿರುಗಬೇಡವೇ?"

ಪ್ರಶ್ನೆ ನ್ಯಾಯವಾದದ್ದೇ. ಉತ್ತರ ಮಾತ್ರ ಅಷ್ಟು ಸರಳವಲ್ಲ. ಬಂದರು ತಪ್ಪಿದಾಗ ಖಂಡಿತವಾಗಿ ನಿರೀಕ್ಷಿಸಬಹುದಾದ ಹಣ ಸ್ವಲ್ಪವೇ. ಅದಕ್ಕಿಂತ ಹೆಚ್ಚಿನದು ಬಂದರು ತಪ್ಪಿದ ಕಾರಣವನ್ನೂ, ಟಿಕೆಟನ್ನು ಯಾವ ದೇಶದಲ್ಲಿ ಯಾರಿಂದ ಕೊಂಡೆವು ಎಂಬುದನ್ನೂ ಅವಲಂಬಿಸಿರುತ್ತದೆ. ಈ ಎರಡು ಅಂಶಗಳನ್ನು ಓದುಗರಿಗೆ ಸ್ಪಷ್ಟಪಡಿಸುವುದೇ ನಮ್ಮ ಈ ಲೇಖನದ ಉದ್ದೇಶ.

ಹಡಗು ಬಂದರನ್ನು ಏಕೆ ಬಿಡುತ್ತದೆ?

ಮೊದಲನೆಯ ಕಾರಣ ಹವಾಮಾನ. ದೊಡ್ಡ ಹಡಗು ನೇರವಾಗಿ ಕಟ್ಟೆಗೆ ಬಂದು ನಿಲ್ಲಬಲ್ಲ ಬಂದರುಗಳಿಗಿಂತ, ಸಮುದ್ರದಲ್ಲೇ ನಿಂತು ಸಣ್ಣ ದೋಣಿಗಳಲ್ಲಿ ಜನರನ್ನು ದಡಕ್ಕೆ ಕರೆದೊಯ್ಯಬೇಕಾದ ತಾಣಗಳು ಹೆಚ್ಚಾಗಿ ತಪ್ಪಿಹೋಗುತ್ತವೆ. ಗ್ರೀಸ್ ದೇಶದ ಸಾಂಟೊರಿನಿ, ಕೆರಿಬಿಯನ್ನಿನ ಗ್ರ್ಯಾಂಡ್ ಕೇಮನ್, ನಮ್ಮ ಲಕ್ಷದ್ವೀಪ ಇವೆಲ್ಲ ಇಂಥ ತಾಣಗಳು. ಆಕಾಶ ತಿಳಿಯಾಗಿದ್ದರೂ ಅಲೆಯ ಏರಿಳಿತ ಹೆಚ್ಚಾಗಿದ್ದರೆ ವೃದ್ಧರನ್ನೂ ಮಕ್ಕಳನ್ನೂ ಹಡಗಿನಿಂದ ದೋಣಿಗೆ ದಾಟಿಸುವುದು ಅಪಾಯಕರ.

ಎರಡನೆಯದು ಭದ್ರತೆ. 2023ರ ಕೊನೆಯಲ್ಲಿ ಕೆಂಪು ಸಮುದ್ರದಲ್ಲಿ ಹಡಗುಗಳ ಮೇಲೆ ದಾಳಿಗಳು ಆರಂಭವಾದ ಬಳಿಕ ಹಲವು ವಿಹಾರನೌಕೆಗಳು ಆ ಮಾರ್ಗವನ್ನು ಕೈಬಿಟ್ಟವು. ಮೂರನೆಯದು ಆಡಳಿತದ ಅನುಮತಿ. 2022ರ ಜೂನ್‌ನಲ್ಲಿ ಚೆನ್ನೈಯಿಂದ ಹೊರಟು ವಿಶಾಖಪಟ್ಟಣವನ್ನು ಮುಟ್ಟಿ ಪುದುಚೇರಿಗೆ ಬಂದ ನೌಕೆಗೆ ಅಲ್ಲಿನ ಸರ್ಕಾರ ಅನುಮತಿ ನೀಡಲಿಲ್ಲ. ಪ್ರಯಾಣಿಕರು ದಡಕ್ಕೆ ಇಳಿಯದೆಯೇ ಹಡಗು ಮರಳಿತು. ನಾಲ್ಕನೆಯದು ಹಡಗಿನ ಯಂತ್ರದೋಷ. ಮುಂದೆ ನೋಡಲಿರುವಂತೆ, ಪರಿಹಾರದ ದೃಷ್ಟಿಯಿಂದ ಈ ನಾಲ್ಕನೆಯ ಕಾರಣವೇ ಉಳಿದವುಗಳಿಂದ ಭಿನ್ನವಾದುದು.

ಸುರಕ್ಷತೆಯ ವಿಷಯದಲ್ಲಿ ಕೊನೆಯ ಮಾತು ಕಪ್ತಾನನದು. 1974ರ ಸೋಲಾಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪ್ರಕಾರ, ಸಮುದ್ರದಲ್ಲಿ ಜೀವರಕ್ಷಣೆಗೆ ಅಗತ್ಯವೆಂದು ಕಪ್ತಾನನು ಕೈಗೊಳ್ಳುವ ನಿರ್ಧಾರಕ್ಕೆ ಹಡಗಿನ ಮಾಲೀಕರೂ ಅಡ್ಡಿ ಬರುವಂತಿಲ್ಲ. ಬಂದರು ಬಿಟ್ಟಿದ್ದಕ್ಕೆಲ್ಲ ದೊಡ್ಡ ದಂಡ ತೆರಬೇಕಾಗಿ ಬಂದರೆ ಕಪ್ತಾನನ ಮೇಲೆ ಒತ್ತಡ ಬೀಳುವುದು ಸಹಜ. ಆದ್ದರಿಂದ ಆತನ ಈ ಸ್ವಾತಂತ್ರ್ಯ ಪ್ರಯಾಣಿಕರ ಹಿತಕ್ಕೂ ಅವಶ್ಯಕವೆಂಬುದನ್ನು ನಾವು ಮರೆಯಬಾರದು.

ಟಿಕೆಟಿನಲ್ಲಿ ನಾವು ಕೊಂಡದ್ದೇನು?

ಜಾಹೀರಾತಿನಲ್ಲಿ ದೊಡ್ಡ ಅಕ್ಷರಗಳಲ್ಲಿ ಕಾಣುವುದು ಊರುಗಳ ಹೆಸರು. ಆದರೆ ಒಪ್ಪಂದದ ಸಣ್ಣ ಅಕ್ಷರಗಳಲ್ಲಿ, ಯಾವುದೇ ಬಂದರನ್ನು ಬಿಡುವ, ಬದಲಿಸುವ ಇಲ್ಲವೇ ಅಲ್ಲಿ ನಿಲ್ಲುವ ಅವಧಿಯನ್ನು ಮೊಟಕುಗೊಳಿಸುವ ಹಕ್ಕನ್ನು ಸಂಸ್ಥೆ ತನಗೆ ಕಾದಿರಿಸಿಕೊಂಡಿರುತ್ತದೆ. ಒಟ್ಟಿನಲ್ಲಿ ಸಂಸ್ಥೆ ಖಚಿತವಾಗಿ ಮಾರುವುದು ಕೋಣೆ, ಊಟ, ಮನರಂಜನೆ ಮತ್ತು ಯಾನವನ್ನು. ಬಂದರುಗಳನ್ನು ಅದು ಉದ್ದೇಶವೆಂದು ಹೇಳುತ್ತದೆಯೇ ಹೊರತು ವಾಗ್ದಾನವೆಂದಲ್ಲ.

ಇಂಥ ಷರತ್ತುಗಳನ್ನು ಹಗುರವಾಗಿ ಕಾಣುವಂತಿಲ್ಲ. ಅಮೆರಿಕದ ಸರ್ವೋಚ್ಚ ನ್ಯಾಯಾಲಯವು 1991ರಲ್ಲಿ 'ಕಾರ್ನಿವಲ್ ಕ್ರೂಸ್ ಲೈನ್ಸ್ ವಿರುದ್ಧ ಶೂಟ್' ಮೊಕದ್ದಮೆಯಲ್ಲಿ, ವ್ಯಾಜ್ಯವನ್ನು ಫ್ಲಾರಿಡಾ ರಾಜ್ಯದಲ್ಲೇ ಹೂಡಬೇಕೆಂದು ಟಿಕೆಟಿನಲ್ಲಿ ಮುದ್ರಿಸಿದ್ದ ಷರತ್ತನ್ನು ಎತ್ತಿಹಿಡಿಯಿತು. ಗಾಯಗೊಂಡ ಪ್ರಯಾಣಿಕರು ದೇಶದ ಇನ್ನೊಂದು ಅಂಚಿನಲ್ಲಿದ್ದ ವಾಷಿಂಗ್ಟನ್ ರಾಜ್ಯದವರಾಗಿದ್ದರೂ ಅವರಿಗೆ ವಿನಾಯಿತಿ ದೊರೆಯಲಿಲ್ಲ.

ಖಂಡಿತವಾಗಿ ಕೇಳಬಹುದಾದದ್ದು

ಕಾರಣವೇನೇ ಇರಲಿ, ಎರಡು ಬಾಬ್ತುಗಳನ್ನು ಪ್ರಯಾಣಿಕರು ಸಂಕೋಚವಿಲ್ಲದೆ ಕೇಳಬೇಕು. ಮೊದಲನೆಯದು ಆ ಬಂದರಿನ ತೆರಿಗೆ ಮತ್ತು ಶುಲ್ಕ. ಹಡಗು ಬಂದರನ್ನು ಪ್ರವೇಶಿಸದಿದ್ದರೆ ತಲೆಗಿಷ್ಟೆಂದು ವಿಧಿಸುವ ಶುಲ್ಕವನ್ನು ಸಂಸ್ಥೆ ತೆರಬೇಕಾಗಿಲ್ಲ. ಹೀಗಾಗಿ ನಮ್ಮಿಂದ ಪಡೆದದ್ದನ್ನು ಹಿಂದಿರುಗಿಸುವುದು ರೂಢಿ. ಎರಡನೆಯದು ಹಡಗಿನ ಮೂಲಕವೇ ಕಾಯ್ದಿರಿಸಿದ ದಡದ ಪ್ರವಾಸದ ಹಣ.

ಈ ಮೊತ್ತ ಎಷ್ಟಾದೀತು ಎಂಬುದನ್ನು ಒಂದು ಕಾಲ್ಪನಿಕ ಲೆಕ್ಕದಿಂದ ನೋಡೋಣ. ತಲಾ 60,000 ರೂಪಾಯಿಗಳ ಟಿಕೆಟಿನಲ್ಲಿ ಮೂರು ಬಂದರುಗಳ ಶುಲ್ಕ ಒಟ್ಟು 4,500 ರೂಪಾಯಿ ಎಂದಿದ್ದರೆ, ಒಂದು ಬಂದರು ತಪ್ಪಿದಾಗ ದಂಪತಿಗಳಿಗೆ ಸುಮಾರು 3,000 ರೂಪಾಯಿ ಬರಬಹುದು. 1,20,000 ರೂಪಾಯಿ ತೆತ್ತವರಿಗೆ ಇದು ಕೈಗೆ ಹತ್ತುವ ಮೊತ್ತವಲ್ಲ. ನಿರೀಕ್ಷೆಗೂ ವಾಸ್ತವಕ್ಕೂ ಇರುವ ಈ ಅಂತರದಿಂದಲೇ ಬಹುತೇಕ ಮನಸ್ತಾಪಗಳು ಹುಟ್ಟುತ್ತವೆ.

ಈ ಹಣವನ್ನು ಅನೇಕ ವೇಳೆ ನಗದಾಗಿ ಕೊಡದೆ ಹಡಗಿನ ಖಾತೆಗೆ ಜಮಾ ಮಾಡುತ್ತಾರೆ. ಯಾನ ಮುಗಿಯುವುದರೊಳಗೆ ಖರ್ಚಾಗದೆ ಉಳಿದ ಮೊತ್ತ ನಮ್ಮ ಕಾರ್ಡಿಗೆ ಮರಳುತ್ತದೆಯೇ, ಅಥವಾ ಅಲ್ಲಿಗೇ ಮುಗಿಯುತ್ತದೆಯೇ ಎಂದು ಹಡಗಿನಲ್ಲಿದ್ದಾಗಲೇ ವಿಚಾರಿಸಬೇಕು.

ನಾವೇ ಪ್ರತ್ಯೇಕವಾಗಿ ಗೊತ್ತುಮಾಡಿದ ಟ್ಯಾಕ್ಸಿ, ಗೈಡು, ಪ್ರವೇಶ ಟಿಕೆಟುಗಳ ಹಣಕ್ಕೆ ಹಡಗಿನವರು ಹೊಣೆಯಲ್ಲ. ವೀಸಾ, ಪರವಾನಗಿಗಳ ವೆಚ್ಚವೂ ಸಾಮಾನ್ಯವಾಗಿ ಮರಳುವುದಿಲ್ಲ.

ಯಂತ್ರದೋಷವಾದರೆ

2013ರ ಫೆಬ್ರವರಿಯಲ್ಲಿ ಕಾರ್ನಿವಲ್ ಟ್ರಯಂಫ್ ಹಡಗಿನ ಎಂಜಿನ್ ಕೋಣೆಗೆ ಬೆಂಕಿ ತಗುಲಿ, ನಾಲ್ಕು ಸಾವಿರಕ್ಕೂ ಹೆಚ್ಚು ಜನರಿದ್ದ ಆ ನೌಕೆ ಮೆಕ್ಸಿಕೊ ಕೊಲ್ಲಿಯಲ್ಲಿ ಹಲವು ದಿನ ಶಕ್ತಿಗುಂದಿ ತೇಲಿತು. ಸಂಸ್ಥೆ ಪೂರ್ಣ ಹಣದ ಜೊತೆಗೆ ತಲಾ 500 ಡಾಲರ್ ಪರಿಹಾರವನ್ನೂ ಘೋಷಿಸಿತು. ಅದೇ ವರ್ಷ ಮೇ ತಿಂಗಳಲ್ಲಿ ವಿಹಾರನೌಕಾ ಸಂಸ್ಥೆಗಳ ಅಂತರರಾಷ್ಟ್ರೀಯ ಸಂಘವು ಪ್ರಯಾಣಿಕರ ಹಕ್ಕುಗಳ ಪಟ್ಟಿಯನ್ನು ಪ್ರಕಟಿಸಿತು. ಯಂತ್ರದೋಷದಿಂದ ಯಾನ ರದ್ದಾದರೆ ಪೂರ್ಣ ಹಣ, ನಡುವೆ ಮೊಟಕಾದರೆ ಭಾಗಶಃ ಹಣ ಎಂದು ಅದು ಹೇಳುತ್ತದೆ. ಆದರೆ ಯಾನ ಮುಂದುವರಿದು ಒಂದು ಬಂದರು ಮಾತ್ರ ತಪ್ಪಿದರೆ ಇಷ್ಟು ಕೊಡಬೇಕೆಂದು ಆ ಪಟ್ಟಿಯಲ್ಲಿಲ್ಲ. ಅಂಥ ಸಂದರ್ಭದಲ್ಲಿ ಕೆಲವು ಸಂಸ್ಥೆಗಳು ಮುಂದಿನ ಯಾನಕ್ಕೆ ರಿಯಾಯಿತಿ ನೀಡುವುದುಂಟು, ಅದು ಸೌಜನ್ಯ.

ಯುರೋಪು, ಬ್ರಿಟನ್, ಆಸ್ಟ್ರೇಲಿಯ

ಲಂಡನ್ನಿನಲ್ಲಿರುವ ಮಗನೋ ಸಿಡ್ನಿಯಲ್ಲಿರುವ ಮಗಳೋ ಅಲ್ಲಿಯೇ ಟಿಕೆಟು ಕೊಂಡು ತಂದೆತಾಯಿಯರನ್ನು ಕರೆದೊಯ್ಯುವುದು ಇಂದು ಸಾಮಾನ್ಯ. ಆಗ ಅಲ್ಲಿನ ಕಾನೂನು ನೆರವಿಗೆ ಬರುತ್ತದೆ.

ಯುರೋಪಿಯನ್ ಒಕ್ಕೂಟದ 2015ರ ಪ್ಯಾಕೇಜ್ ಪ್ರವಾಸ ನಿರ್ದೇಶನ ಮತ್ತು ಅದನ್ನನುಸರಿಸಿದ ಬ್ರಿಟನ್ನಿನ 2018ರ ನಿಯಮಗಳ ಪ್ರಕಾರ, ಹೊರಡುವ ಮೊದಲೇ ಪ್ರವಾಸದ ಮುಖ್ಯ ಲಕ್ಷಣಗಳಲ್ಲಿ ಗಣನೀಯ ಬದಲಾವಣೆಯಾದರೆ ಗ್ರಾಹಕರು ಶುಲ್ಕವಿಲ್ಲದೆ ಟಿಕೆಟು ರದ್ದುಪಡಿಸಬಹುದು. ಒಪ್ಪಿದ ಸೇವೆ ದೊರೆಯದಿದ್ದರೆ ಬೆಲೆಯಲ್ಲಿ ಕಡಿತ ಕೇಳಬಹುದು. ಕಡಿತ ಬೇರೆ, ನಷ್ಟಪರಿಹಾರ ಬೇರೆ: ಅನಿವಾರ್ಯ ಹಾಗೂ ಅಸಾಧಾರಣ ಸನ್ನಿವೇಶದಲ್ಲಿ ನಷ್ಟಪರಿಹಾರ ಸಿಗದಿದ್ದರೂ ಬೆಲೆಯ ಕಡಿತಕ್ಕೆ ಅವಕಾಶವಿದೆ. ಕೊರೋನಾ ನಿರ್ಬಂಧಗಳಿಂದ ಕೆಟ್ಟುಹೋದ ಪ್ರವಾಸವೊಂದರ ಬಗೆಗೆ ಯುರೋಪಿನ ನ್ಯಾಯಾಲಯ 2023ರ ಜನವರಿಯಲ್ಲಿ ಇದನ್ನೇ ಹೇಳಿತು.

ಆಸ್ಟ್ರೇಲಿಯದ ನಿದರ್ಶನ ಇನ್ನೂ ಸ್ಪಷ್ಟವಾದುದು. 2013ರಲ್ಲಿ ಯುರೋಪಿನ ನದಿಗಳು ಉಕ್ಕಿ ಹರಿದಾಗ, ಸೀನಿಕ್ ಟೂರ್ಸ್ ಸಂಸ್ಥೆಯ ನದೀಯಾನಕ್ಕೆ ಹೊರಟಿದ್ದವರು ಬಹಳಷ್ಟು ದೂರವನ್ನು ಬಸ್ಸಿನಲ್ಲೇ ಕಳೆಯಬೇಕಾಯಿತು. ಪ್ರವಾಹ ಯಾರ ತಪ್ಪೂ ಅಲ್ಲ. ಆದರೆ ಯಾನ ಹೇಳಿದಂತೆ ನಡೆಯದೆಂದು ತಿಳಿದಿದ್ದರೂ ಪ್ರಯಾಣಿಕರಿಗೆ ತಿಳಿಸದೆ ಕರೆದೊಯ್ದದ್ದು ಮೊಕದ್ದಮೆಯ ತಿರುಳಾಯಿತು. ಮುಖ್ಯ ಫಿರ್ಯಾದಿಗೆ ಸೇವೆಯ ಮೌಲ್ಯ ಕುಂದಿದ್ದಕ್ಕಾಗಿ 10,990 ಡಾಲರ್, ನಿರಾಶೆ ಮತ್ತು ಮನೋವೇದನೆಗಾಗಿ 2,000 ಡಾಲರ್ ನೀಡುವಂತೆ ತೀರ್ಪಾಗಿತ್ತು. ನಿರಾಶೆಗೂ ಪರಿಹಾರವುಂಟೆಂಬ ಅಂಶವನ್ನು ಆ ದೇಶದ ಉಚ್ಚ ನ್ಯಾಯಾಲಯ 2020ರ ಏಪ್ರಿಲ್‌ನಲ್ಲಿ ಎತ್ತಿಹಿಡಿಯಿತು.

ಭಾರತದಲ್ಲಿ ಕೊಂಡ ಟಿಕೆಟು

ವಿಮಾನ ರದ್ದಾದರೆ ಇಂತಿಷ್ಟು ಎಂದು ಹೇಳುವ ನಿಯಮಗಳಿರುವಂತೆ, ಬಂದರು ತಪ್ಪಿದರೆ ಇಂತಿಷ್ಟು ಎನ್ನುವ ಪಟ್ಟಿ ನಮ್ಮ ದೇಶದಲ್ಲಿಲ್ಲ. ಇಲ್ಲಿ ಆಧಾರವಾಗುವುದು 2019ರ ಗ್ರಾಹಕ ಸಂರಕ್ಷಣಾ ಕಾಯಿದೆ. ಸೇವೆಯಲ್ಲಿ ನ್ಯೂನತೆಯಾಗಿದೆಯೆಂದು ತೋರಿಸಬೇಕಾದ ಹೊಣೆ ನಮ್ಮದು. ಬಿರುಗಾಳಿಯಿಂದ ಬಂದರು ತಪ್ಪಿತೆಂಬುದೊಂದೇ ನ್ಯೂನತೆಯಾಗಲಾರದು. ಆದರೆ ಬಂದರು ಸಿಗದೆಂದು ಗೊತ್ತಿದ್ದೂ ಟಿಕೆಟು ಮಾರಿದ್ದರೆ, ಅನುಮತಿ ಪಡೆಯದೆಯೇ ಊರಿನ ಹೆಸರನ್ನು ಜಾಹೀರಾತಿನಲ್ಲಿ ಹಾಕಿದ್ದರೆ, ಅಥವಾ ಕೊಡಬೇಕಾದ ಶುಲ್ಕವನ್ನು ಹಿಂದಿರುಗಿಸದಿದ್ದರೆ ದೂರಿಗೆ ಬಲವಿದೆ.

ದೂರನ್ನು ನಾವು ವಾಸಿಸುವ ಅಥವಾ ಉದ್ಯೋಗ ಮಾಡುವ ಜಿಲ್ಲೆಯ ಆಯೋಗದಲ್ಲೇ ಸಲ್ಲಿಸಬಹುದು. ಪುಣೆಯವರು ಹಡಗು ಹೊರಟ ಚೆನ್ನೈಗೆ ಅಲೆಯಬೇಕಾಗಿಲ್ಲ. ಘಟನೆ ನಡೆದ ಎರಡು ವರ್ಷಗಳೊಳಗೆ ದೂರು ದಾಖಲಾಗಬೇಕು. ತೆತ್ತ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಆಯೋಗದ ಶುಲ್ಕವಿಲ್ಲ. 2025ರಲ್ಲಿ ಆರಂಭವಾದ ಇ-ಜಾಗೃತಿ ಜಾಲತಾಣದ ಮೂಲಕ ಮನೆಯಿಂದಲೇ ದೂರು ಸಲ್ಲಿಸಲು ಅನುಕೂಲವಿದೆ. ಅದಕ್ಕೂ ಮೊದಲು 1915 ಸಂಖ್ಯೆಯ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಕರೆಮಾಡುವುದು ಒಳ್ಳೆಯದು. ಅಲ್ಲಿ ಕನ್ನಡದಲ್ಲೂ ಮಾತನಾಡಬಹುದು ಎಂಬುದು ಹೊರನಾಡಿನಲ್ಲಿರುವ ನಮಗೆ ಸಮಾಧಾನದ ಸಂಗತಿ.

ಸದಸ್ಯರಿಗೆ ನಮ್ಮ ಸೂಚನೆಗಳು

1. ಒಂದೇ ಒಂದು ಬಂದರಿಗಾಗಿ ಹೊರಟಿದ್ದರೆ, ಅಲ್ಲಿ ಹಡಗು ಕಟ್ಟೆಗೆ ತಾಗುತ್ತದೆಯೇ ಅಥವಾ ದೋಣಿಯಲ್ಲಿ ಇಳಿಯಬೇಕೇ ಎಂದು ಕೊಳ್ಳುವ ಮೊದಲೇ ಕೇಳಿರಿ.

2. ಬಿಲ್ಲಿನಲ್ಲಿ ಯಾನದ ದರ, ಬಂದರು ಶುಲ್ಕ, ದಡದ ಪ್ರವಾಸ ಇವುಗಳನ್ನು ಬೇರೆಬೇರೆಯಾಗಿ ಬರೆಸಿಕೊಳ್ಳಿರಿ. ಒಟ್ಟು ಮೊತ್ತವೊಂದೇ ಇದ್ದರೆ ಯಾವುದನ್ನು ಹಿಂದೆ ಕೇಳುವುದು?

3. ಪ್ರವಾಸ ವಿಮೆ ಕೊಳ್ಳುವಾಗ ಬಂದರು ತಪ್ಪಿದ್ದಕ್ಕೆ ಹಣ ಸಿಗುತ್ತದೆಯೇ ನೋಡಿರಿ. ಸಿಗುವುದಾದರೆ ಹಡಗಿನವರ ಲಿಖಿತ ದೃಢೀಕರಣ ಬೇಕಾಗುತ್ತದೆ. ಅದನ್ನು ಇಳಿಯುವ ಮೊದಲೇ ಪಡೆಯಿರಿ.

4. ಜಾಹೀರಾತು, ಮಿಂಚಂಚೆ, ಹಡಗಿನ ದಿನಪತ್ರಿಕೆ ಮತ್ತು ಪ್ರಕಟಣೆಯ ಸಮಯ ಎಲ್ಲವನ್ನೂ ಕಾಪಾಡಿಕೊಳ್ಳಿರಿ.

5. ಮೊದಲ ಪತ್ರದಲ್ಲಿ ಕೋಪ ಬೇಡ. ಯಾವ ಬಂದರು, ಯಾವ ದಿನ, ಯಾವ ಬಾಬ್ತಿಗೆ ಎಷ್ಟು ಹಣ ಎಂದು ಖಚಿತವಾಗಿ ಬರೆಯಿರಿ.

ಬಂದರು ತಪ್ಪಿದಾಗ ದಡದಲ್ಲಿ ಕಾದವರೂ ನಿರಾಶರಾಗುತ್ತಾರೆ. ನಮ್ಮ ಮಂಗಳೂರಿನ ಪಣಂಬೂರು ಬಂದರಿಗೆ ವಿಹಾರನೌಕೆ ಬರುವ ದಿನ ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳಕ್ಕೆ, ಕುದ್ರೋಳಿಗೆ ಪ್ರವಾಸಿಗರನ್ನು ಕರೆದೊಯ್ಯಲು ವಾಹನಗಳು ಸಜ್ಜಾಗಿರುತ್ತವೆ. ಹಡಗು ಬಾರದಿದ್ದರೆ ಆ ಚಾಲಕರ ಒಂದು ದಿನದ ದುಡಿಮೆಯೂ ಹೋಯಿತು.

ಮೊದಲು ಹೇಳಿದ ಹಿರಿಯ ದಂಪತಿಗಳು ಕೊನೆಗೆ ಪತ್ರ ಬರೆದರು. ಬಂದರು ಶುಲ್ಕ ಹಡಗಿನಲ್ಲೇ ಜಮೆಯಾಗಿ ಕಾಫಿ ತಿಂಡಿಗೆ ಕರಗಿಹೋಗಿತ್ತು; ದ್ವೀಪದರ್ಶನಕ್ಕೆಂದು ಪ್ರತ್ಯೇಕವಾಗಿ ಪಡೆದಿದ್ದ ಹಣವನ್ನು ಏಜೆಂಟರು ಮೂರು ವಾರಗಳಲ್ಲಿ ಹಿಂದಿರುಗಿಸಿದರು. ಅರ್ಧ ಹಣ ಬರಲಿಲ್ಲ. "ಇಷ್ಟು ಮೊದಲೇ ತಿಳಿದಿದ್ದರೆ ಹಡಗಿನಲ್ಲಿ ಉಳಿದ ಎರಡು ದಿನವನ್ನಾದರೂ ಮುಖ ಬಾಡಿಸಿಕೊಳ್ಳದೆ ಕಳೆಯುತ್ತಿದ್ದೆವು" ಎಂದರು ಆ ತಾಯಿ. ಹೊರಡಲಿರುವ ಇತರ ಸದಸ್ಯರಿಗೆ ಅಷ್ಟಾದರೂ ಮೊದಲೇ ತಿಳಿದಿರಲಿ ಎಂಬುದು ನಮ್ಮ ಆಶಯ.