ಶತಮಾನ ಮಧ್ಯದ ಆಧುನಿಕ ಪೀಠೋಪಕರಣ (ಕರ್ನಾಟಕ)

ಸುಮಾರು 1945ರಿಂದ 1970ರವರೆಗೆ ತಯಾರಾದ, ಕೆತ್ತನೆಯ ಹಂಗಿಲ್ಲದ, ತಮ್ಮ ಜೋಡಣೆಯನ್ನು ಮುಚ್ಚಿಡದ ಕುರ್ಚಿ, ಮೇಜು, ದೀಪ, ಗಡಿಯಾರಗಳು ಈ ಹೆಸರಿನಡಿ ಬರುತ್ತವೆ. ಅಮೆರಿಕದ ಲೇಖಕಿ ಕಾರಾ ಗ್ರೀನ್‌ಬರ್ಗ್ ಅವರ 1984ರ ಪುಸ್ತಕದ ನಂತರ ಹೆಸರು ವ್ಯಾಪಕವಾಯಿತು. ಡೆನ್ಮಾರ್ಕ್, ಇಟಲಿ, ಅಮೆರಿಕಗಳ ಕಥೆ ಬೇಕಾದಷ್ಟು ಕಡೆ ದಾಖಲಾಗಿದೆ. ಕರ್ನಾಟಕದ ಮಟ್ಟಿಗೆ ಮಾತ್ರ ಮೂರು ಸಂಗತಿಗಳು ಒಂದರಲ್ಲೊಂದು ಕಲಸಿಹೋಗಿವೆ: ಆ ಕಾಲದಲ್ಲಿ ಇಲ್ಲೇ ರೂಪುಗೊಂಡದ್ದು, ಬೇರೆಡೆ ರೂಪುಗೊಂಡು ಈಗ ಇಲ್ಲಿ ಮರುತಯಾರಾಗುತ್ತಿರುವುದು, ಸಂಗ್ರಾಹಕರು ಹುಡುಕಿ ಕೊಳ್ಳುವುದು.

ಮೈಸೂರು ಸಂಸ್ಥಾನ

ಜರ್ಮನಿಯಿಂದ ದೇಶಭ್ರಷ್ಟರಾಗಿ ಬಂದ ಓಟೊ ಕೊನಿಗ್ಸ್‌ಬರ್ಗರ್ (1908–1999) 1939ರಿಂದ 1948ರವರೆಗೆ ಸಂಸ್ಥಾನದ ವಾಸ್ತುಶಿಲ್ಪಿಯಾಗಿದ್ದರು. ಭಾರತೀಯ ವಿಜ್ಞಾನ ಸಂಸ್ಥೆಯ ಲೋಹವಿಜ್ಞಾನ ವಿಭಾಗದ ಕಟ್ಟಡ, ಊಟದ ಸಭಾಂಗಣ ಅವರವು. ಕಮಾನು–ಗುಮ್ಮಟ ಬಯಸಿದ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರಿಗೂ ಗಾಳಿ–ನೆರಳಿನ ಲೆಕ್ಕ ಹಾಕುತ್ತಿದ್ದ ಇವರಿಗೂ ಎಲ್ಲ ಸಲವೂ ಹೊಂದಿಕೆಯಾಗಲಿಲ್ಲ. ಈ ಅಧ್ಯಾಯ ಬಹುಕಾಲ ಮರೆಯಲ್ಲಿತ್ತು. ವಂದನಾ ಬವೇಜಾ, ರೇಚಲ್ ಲೀ ಅವರ ಸಂಶೋಧನೆಗಳಿಂದ ಈಚಿನ ಎರಡು ದಶಕಗಳಲ್ಲಷ್ಟೇ ಬೆಳಕಿಗೆ ಬಂದಿದೆ.

ಆಮೇಲಿನ ದಾರಿ ಕವಲೊಡೆಯಿತು. 1951ರಲ್ಲಿ ಚಂಡೀಗಡದಲ್ಲಿ ಲ ಕಾರ್ಬೂಸಿಯೆ ತಂಡ ಕೆಲಸ ಶುರುಮಾಡಿದಾಗ, ಅದೇ ವರ್ಷ ಬೆಂಗಳೂರಿನಲ್ಲಿ ವಿಧಾನಸೌಧಕ್ಕೆ ಶಂಕುಸ್ಥಾಪನೆಯಾಯಿತು. ಮುಂದೆ ಮುಖ್ಯಮಂತ್ರಿಯಾದ ಕೆಂಗಲ್ ಹನುಮಂತಯ್ಯನವರು ಆರಿಸಿಕೊಂಡದ್ದು ಗ್ರಾನೈಟ್ ಕಂಬಗಳನ್ನು, ಸಂಪುಟ ಸಭಾಂಗಣಕ್ಕೆ ಗಂಧದ ಮರದ ಕೆತ್ತನೆಯ ಬಾಗಿಲನ್ನು. ಆಧುನಿಕ ಪೀಠೋಪಕರಣಕ್ಕೆ ಇಲ್ಲಿ ಚಂಡೀಗಡದಂಥ ಸರ್ಕಾರಿ ಆಸರೆ ಸಿಗದಿದ್ದುದಕ್ಕೆ ಈ ಆಯ್ಕೆಯೂ ಒಂದು ಕಾರಣವೆನ್ನಬಹುದು.

ಚಂಡೀಗಡದ ಕುರ್ಚಿ: ಕರ್ತೃತ್ವದ ಜಗಳ

ಬೆಂಗಳೂರಿನ ಇಂದಿನ ತಯಾರಿಕೆಗೆ ಮೂಲ ಅಲ್ಲಿರುವುದರಿಂದ ಇದನ್ನು ಬಿಡುವಂತಿಲ್ಲ. ತೇಗದ ಚೌಕಟ್ಟು, ಹೆಣೆದ ಬೆತ್ತ, ತಲೆಕೆಳಗಾದ ‘ವಿ’ ಆಕಾರದ ಕಾಲುಗಳ ಕಚೇರಿ ಕುರ್ಚಿಯನ್ನು ಹರಾಜು ಸಂಸ್ಥೆಗಳು ಲ ಕಾರ್ಬೂಸಿಯೆ ತಂಡದ ಪಿಯರ್ ಜೀನರೆ ಒಬ್ಬರ ಹೆಸರಿಗೇ ಬರೆಯುತ್ತವೆ. 1965ರವರೆಗೆ ಅಲ್ಲಿದ್ದ ಜೀನರೆ ಅವರ ಪಾತ್ರ ದೊಡ್ಡದೇ. ಆದರೆ ಯೂಲಿ ಚೌಧರಿ ಮೊದಲಾದ ಭಾರತೀಯ ವಾಸ್ತುಶಿಲ್ಪಿಗಳೂ ಈ ಕೆಲಸದಲ್ಲಿದ್ದರು. ಒಂದೇ ಕಾರ್ಖಾನೆಯಲ್ಲಿ ಆದದ್ದೂ ಅಲ್ಲ. ಹಲವು ಬಡಗಿ ಕಾರ್ಖಾನೆಗಳಿಗೆ ಕೆಲಸ ಹಂಚಿಕೆಯಾಗಿತ್ತು. ಹೀಗಾಗಿ ಒಂದೇ ಮಾದರಿಯ ಕುರ್ಚಿಗಳಲ್ಲೂ ಕೈ, ಕಾಲುಗಳ ದಪ್ಪ ಬೇರೆಬೇರೆ. ‘ಅಸಲಿ’ಗೆ ಒಂದೇ ಅಳತೆಪಟ್ಟಿ ಹಿಡಿಯುವುದು ಕಷ್ಟ. ಕಚೇರಿ, ವಿಶ್ವವಿದ್ಯಾಲಯದ ದಾಸ್ತಾನು ಗುರುತಿಗೆಂದು ಹಿಂಬದಿಯಲ್ಲಿ ಬಳಿದ ಅಕ್ಷರಗಳೇ ಪುರಾವೆಯಾದವು. ಪುರಾವೆಗೆ ಬೆಲೆ ಬಂದ ಮೇಲೆ ಅವೂ ನಕಲಾದವು.

ಕಂಡಮ್ ಆಗಿ ರಾಶಿಬಿದ್ದಿದ್ದ ಈ ಸಾಮಾನನ್ನು 1990ರ ದಶಕದ ಕೊನೆಯಿಂದ ಎರಿಕ್ ತುಶಲೋಮ್ ಸೇರಿ ಫ್ರಾನ್ಸಿನ ವ್ಯಾಪಾರಿಗಳು ಸರ್ಕಾರಿ ಹರಾಜುಗಳಲ್ಲಿ ಕೊಂಡರು. ಲೂಟಿ ಎಂದವರಿದ್ದಾರೆ, ಗುಜರಿಯಿಂದ ಉಳಿಸಿದರು ಎಂದವರೂ ಇದ್ದಾರೆ. ಮಾರಿದ್ದು ಸರ್ಕಾರವೇ ಆದ್ದರಿಂದ ಮೊದಲ ಮಾತು ಪೂರ್ತಿ ನಿಲ್ಲುವುದಿಲ್ಲ. 2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಇವುಗಳ ಹರಾಜು, ರಫ್ತುಗಳಿಗೆ ತಡೆಯೊಡ್ಡಿತು.

ಸಚಿವಾಲಯದ ಆದೇಶ ಬೇಕಾದದ್ದು ಕಾನೂನಿನಲ್ಲಿರುವ ಕೊರತೆಯಿಂದ. 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಪುರಾವಸ್ತು ಎನಿಸಿಕೊಳ್ಳಲು ಸಾಮಾನ್ಯವಾಗಿ 100 ವರ್ಷ ತುಂಬಿರಬೇಕು. ಶ್ರೀರಂಗಪಟ್ಟಣದಲ್ಲಿ ಟಿಪ್ಪು ಕಾಲದ ಪೀಠವೊಂದು ಸಿಕ್ಕರೆ ಅದಕ್ಕೆ ರಕ್ಷಣೆ ಉಂಟು. ಪಕ್ಕದ ಕಚೇರಿಯ 1955ರ ಬೆತ್ತದ ಕುರ್ಚಿಗೆ ಇಲ್ಲ. ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲದಂಥ ತಾಲ್ಲೂಕು ಕೇಂದ್ರಗಳಲ್ಲೂ ಹಳೆಯ ಸರ್ಕಾರಿ ಪೀಠೋಪಕರಣಕ್ಕೆ ಇರುವುದು ಅದೇ ದಾರಿ: ಕಂಡಮ್ ಪಟ್ಟಿ, ಆಮೇಲೆ ಹರಾಜು.

ಬೆಂಗಳೂರಿನ ಮರುತಯಾರಿಕೆ

2013ರಲ್ಲಿ ದೀಪಕ್ ಶ್ರೀನಾಥ್ ಮತ್ತು ಕಲಾವಿದೆ ಅಪರ್ಣಾ ರಾವ್ ಬೆಂಗಳೂರಿನಲ್ಲಿ ಫ್ಯಾಂಟಮ್ ಹ್ಯಾಂಡ್ಸ್ ಆರಂಭಿಸಿದರು. ಮೊದಲು ಹಳೆಯ ವಸ್ತುಗಳನ್ನು ಆರಿಸಿ ಆನ್‌ಲೈನಿನಲ್ಲಿ ಮಾರುತ್ತಿದ್ದ ಸಂಸ್ಥೆ, ಬಳಿಕ ಚಂಡೀಗಡದ ಮಾದರಿಗಳನ್ನು ತನ್ನ ಕಾರ್ಯಾಗಾರದಲ್ಲೇ ಮಾಡಿಸತೊಡಗಿತು. ಬಡಗಿ, ಬೆತ್ತ ಹೆಣೆಯುವವ, ಪಾಲಿಶ್ ಮಾಡುವವ, ಹೀಗೆ ಕೈಕೆಲಸದವರೇ ಇದರ ಆಧಾರ. ಇವು ಅಸಲಿಯಲ್ಲ, ಕದ್ದ ನಕಲೂ ಅಲ್ಲ. ಹೊಸದೆಂದು ಹೇಳಿಯೇ ಮಾರುವ ಮರುಆವೃತ್ತಿಗಳು. ಮೂಲ ಕುರ್ಚಿಯೇ ಹಲವು ಕೈಗಳಲ್ಲಿ ಹಲವು ಬಗೆಯಾಗಿ ಹುಟ್ಟಿರುವಾಗ ಈ ಮೂರನೆಯ ವರ್ಗಕ್ಕೆ ಸಂಗ್ರಾಹಕರ ಪಟ್ಟಿಗಳು ಪ್ರತ್ಯೇಕ ಜಾಗ ಕೊಡಬೇಕು.

ಎಚ್‌ಎಂಟಿ ಕೈಗಡಿಯಾರ

ವಿನ್ಯಾಸವಸ್ತುಗಳ ಸಂಗ್ರಹದಲ್ಲಿ ಕರ್ನಾಟಕದ್ದೇ ಎನ್ನಬಹುದಾದದ್ದು ಇದು. ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಲ್ಲಿ 1961ರಲ್ಲಿ ಬೆಂಗಳೂರಿನಲ್ಲಿ ತಯಾರಿಕೆ ಶುರುವಾಯಿತು. ಕೀಲಿ ಕೊಡುವ ‘ಜನತಾ’ ಮಾದರಿಯ ಸರಳ ಮುಖಫಲಕ ಮನೆಮನೆಗೂ ಪರಿಚಿತವಾಯಿತು. ಎಚ್‌ಎಂಟಿ ವಾಚಸ್ ಮುಚ್ಚಲು ಕೇಂದ್ರ ಸಂಪುಟ 2016ರಲ್ಲಿ ಒಪ್ಪಿಗೆ ಕೊಟ್ಟಿತು. ಸಂಸ್ಥೆಯ ಚರಿತ್ರೆ ಹೇಳುವ ವಸ್ತುಸಂಗ್ರಹಾಲಯ ಜಾಲಹಳ್ಳಿಯಲ್ಲಿದೆ. ಬೇಡಿಕೆ ಏರಿದಂತೆ, ಹಳೆಯ ಯಂತ್ರಕ್ಕೆ ಹೊಸದಾಗಿ ಅಚ್ಚು ಹಾಕಿದ ಡಯಲ್ ಕೂರಿಸಿದ ಗಡಿಯಾರಗಳೂ ಪೇಟೆಗೆ ಬಂದಿವೆ. ಕಾರ್ಖಾನೆ ಎಂದೂ ಹೊರತರದ ಬಣ್ಣಗಳಲ್ಲಿ ಸಿಗುವ ಇವನ್ನು ಅನುಭವಿ ಸಂಗ್ರಾಹಕರು ಡಯಲಿನ ಅಚ್ಚು ನೋಡಿಯೇ ಪಕ್ಕಕ್ಕಿಡುತ್ತಾರೆ.