ದೀಪ ಆರಿಸಿದ ಮೇಲೆ: ‘ಮೋಸ್ಟ್ ಹಾಂಟೆಡ್’ ಸರಣಿಯ ಮುಗಿಯದ ಆಕರ್ಷಣೆ

ಇಂಗ್ಲೆಂಡಿಗೆ ಬಂದ ಹೊಸತರಲ್ಲಿ, ಚಳಿಗಾಲದ ಒಂದು ರಾತ್ರಿ ಟಿ.ವಿ.ಯಲ್ಲಿ ಕಂಡ ದೃಶ್ಯ ನನಗೆ ಇನ್ನೂ ನೆನಪಿದೆ. ಹಸಿರು ಛಾಯೆಯ ಮಸುಕು ಚಿತ್ರ. ಹಳೆಯ ಬಂಗಲೆಯ ಮೆಟ್ಟಿಲ ಬಳಿ ಕಣ್ಣರಳಿಸಿ ನಿಂತ ನಿರೂಪಕಿ. ಎಲ್ಲೋ ‘ಟಕ್’ ಎಂಬ ಸದ್ದು. ಅರ್ಧ ಗಂಟೆ ಕಾದರೂ ದೆವ್ವ ಬರಲಿಲ್ಲ. ನಾನೂ ಎದ್ದು ಹೋಗಲಿಲ್ಲ. ಏನೂ ನಡೆಯದ ಕಾರ್ಯಕ್ರಮವೊಂದು ಇಷ್ಟು ವರ್ಷ ನೋಡುಗರನ್ನು ಹಿಡಿದಿಟ್ಟದ್ದು ಹೇಗೆ?

‘ಮೋಸ್ಟ್ ಹಾಂಟೆಡ್’ 2002ರ ಮೇ ತಿಂಗಳಲ್ಲಿ ಬ್ರಿಟನ್ನಿನ ಲಿವಿಂಗ್ ವಾಹಿನಿಯಲ್ಲಿ ಆರಂಭವಾಯಿತು. ಬಿಬಿಸಿಯ ಮಕ್ಕಳ ಕಾರ್ಯಕ್ರಮ ‘ಬ್ಲೂ ಪೀಟರ್’ನಿಂದ ಮನೆಮಾತಾಗಿದ್ದ ಯವೆಟ್ ಫೀಲ್ಡಿಂಗ್ ಇದರ ನಿರೂಪಕಿ; ಪತಿ ಕಾರ್ಲ್ ಬೀಟಿಯವರೊಡನೆ ನಿರ್ಮಾಪಕಿಯೂ ಹೌದು. ಸೂತ್ರ ಸರಳವಾದುದು. ಕೋಟೆಯನ್ನೋ ಹಳೆಯ ಸೆರೆಮನೆಯನ್ನೋ ಆರಿಸಿಕೊಂಡು, ಅದರ ಚರಿತ್ರೆಯನ್ನು ಹೇಳಿ, ದೀಪ ಆರಿಸಿ, ಇನ್‌ಫ್ರಾರೆಡ್ ಕ್ಯಾಮೆರಾ ಹಿಡಿದು ರಾತ್ರಿಯಿಡೀ ಕಾಯುವುದು. ತಂಡದಲ್ಲಿ ಪ್ರೇತಗಳೊಡನೆ ಮಾತನಾಡಬಲ್ಲೆನೆನ್ನುವ ಡೆರೆಕ್ ಅಕೋರಾ ಇದ್ದರು. ಮುಂದೆ ಸಂದೇಹದ ಕಣ್ಣಿನಿಂದ ನೋಡುವ ಮನೋವಿಜ್ಞಾನಿ ಕಿಯರನ್ ಓಕೀಫ್ ಸೇರಿಕೊಂಡರು.

ಈ ಇಬ್ಬರ ನಡುವಿನ ಪ್ರಕರಣವೇ ಸರಣಿಯ ಚರಿತ್ರೆಯಲ್ಲಿ ಅತ್ಯಂತ ಪ್ರಸಿದ್ಧವಾದುದು. ಕಾರ್ನ್‌ವಾಲ್‌ನ ಬಾಡ್‌ಮಿನ್ ಸೆರೆಮನೆಯ ಚಿತ್ರೀಕರಣಕ್ಕೆ ಮುನ್ನ ಓಕೀಫ್ ‘ಕ್ರೀಡ್ ಕೇಫರ್’ ಎಂಬ ಸೆರೆಮನೆ ಕಾವಲುಗಾರನೊಬ್ಬನನ್ನು ಕಲ್ಪಿಸಿ, ಆ ಹೆಸರು ಅಕೋರಾರ ಕಿವಿಗೆ ಬೀಳುವಂತೆ ಮಾಡಿದರು. ಇಂಗ್ಲಿಷಿನಲ್ಲಿ ಆ ಅಕ್ಷರಗಳನ್ನು ಹಿಂದುಮುಂದು ಮಾಡಿದರೆ ‘ಡೆರೆಕ್ ಫೇಕರ್’, ಅಂದರೆ ‘ನಕಲಿ ಡೆರೆಕ್’ ಎಂದಾಗುತ್ತದೆ. ಎಂದೂ ಬದುಕಿರದ ಆ ಕೇಫರ್ ಅಂದು ಅಕೋರಾರ ಮೈಮೇಲೆ ಬಂದ! 2005ರಲ್ಲಿ ಓಕೀಫ್ ಇದನ್ನು ಪತ್ರಿಕೆಗೆ ತಿಳಿಸಿದರು. ಅಕೋರಾ ತಾವು ವಂಚಿಸಿಲ್ಲವೆಂದರು; ಅದೇ ವರ್ಷ ಸರಣಿಯಿಂದ ಹೊರನಡೆದರು. ಪ್ರಸಾರ ನಿಯಂತ್ರಣ ಸಂಸ್ಥೆ ಆಫ್‌ಕಾಮ್ ದೂರುಗಳನ್ನು ಪರಿಶೀಲಿಸಿ, ಇದು ಮನರಂಜನೆಯೇ ಹೊರತು ನಿಜವಾದ ತನಿಖೆಯಲ್ಲ, ಆದ್ದರಿಂದ ನಿಯಮಭಂಗವಾಗಿಲ್ಲ ಎಂದು ತೀರ್ಮಾನಿಸಿತು.

ಅಲ್ಲಿಗೆ ಕಥೆ ಮುಗಿಯಬೇಕಿತ್ತು. ಆದರೆ ಸರಣಿ ಅದೇ ವಾಹಿನಿಯಲ್ಲಿ 2010ರವರೆಗೆ ನಡೆದು, 2014ರಲ್ಲಿ ‘ರಿಯಲಿ’ ವಾಹಿನಿಯಲ್ಲಿ ಮರುಜನ್ಮ ಪಡೆಯಿತು. ಸಾಕ್ಷ್ಯವನ್ನು ನಂಬಿ ಕುಳಿತವರೇ ನೋಡುಗರಾಗಿದ್ದರೆ ಹೀಗಾಗುತ್ತಿರಲಿಲ್ಲ.

ನನ್ನಂಥವರಿಗೆ ಸಂದೇಹವೇ ಒಂದು ಸುಖ. ಮೇಜು ತಾನಾಗಿ ಅಲುಗಿದಾಗ ನಮ್ಮ ದೃಷ್ಟಿ ಕೈಗಳ ಮೇಲೆ ಹೋಗುತ್ತದೆ. 1853ರಲ್ಲೇ ಮೈಕೆಲ್ ಫ್ಯಾರಡೆ, ಮೇಜನ್ನು ತಳ್ಳುವುದು ಪ್ರೇತವಲ್ಲ, ಸುತ್ತ ಕುಳಿತವರ ಅರಿವಿಗೇ ಬಾರದ ಕೈಚಲನೆ ಎಂದು ಪ್ರಯೋಗದಿಂದ ತೋರಿಸಿದ್ದ. 1998ರಲ್ಲಿ ಕವೆಂಟ್ರಿಯ ಎಂಜಿನಿಯರ್ ವಿಕ್ ಟ್ಯಾಂಡಿ, ತಮ್ಮ ಪ್ರಯೋಗಾಲಯದಲ್ಲಿ ಕಂಡ ಬೂದು ಆಕೃತಿಗೆ ಫ್ಯಾನೊಂದು ಹುಟ್ಟಿಸುತ್ತಿದ್ದ, ಕಿವಿಗೆ ಕೇಳದ ಸುಮಾರು 19 ಹರ್ಟ್ಸ್ ಕಂಪನ ಕಾರಣವಿರಬಹುದೆಂದು ಬರೆದರು. ಇದನ್ನೆಲ್ಲ ಬಲ್ಲವನಿಗೂ ಕತ್ತಲೆಯಲ್ಲಿ ‘ಟಕ್’ ಎಂದರೆ ಎದೆ ಝಲ್ಲೆನ್ನುತ್ತದೆ. ಬುದ್ಧಿಗೂ ಭಯಕ್ಕೂ ನಡೆಯುವ ಈ ಜಗ್ಗಾಟವನ್ನು ಸೋಫಾದ ಮೇಲೆ ಕುಳಿತೇ ಸವಿಯಬಹುದು.

ಅಪ್ಪ ತೀರಿಕೊಂಡ ವರ್ಷ ಅಮ್ಮ ನಮ್ಮಲ್ಲಿಗೆ ಬಂದಿದ್ದಳು. ಮೊದಲ ದಿನ ನೋಡಿ ನಕ್ಕಳು: “ನಾವು ಬಾಗಿಲ ಮೇಲೆ ‘ನಾಳೆ ಬಾ’ ಅಂತ ಬರೆದು ದೆವ್ವನ ಸಾಗಹಾಕ್ತಿದ್ವಿ. ಇವರು ‘ಈಗಲೇ ಬಾ’ ಅಂತ ಕರೀತಾರಲ್ಲೋ!” ತೊಂಬತ್ತರ ದಶಕದ ಬೆಂಗಳೂರನ್ನು ಬಲ್ಲವರಿಗೆ ಆ ಬರಹ ಮರೆತಿರಲಾರದು. ಆದರೆ ಮತ್ತೊಂದು ರಾತ್ರಿ, ಪರದೆಯ ಮೇಲೆ ಯಾರೋ ಸತ್ತವರನ್ನು ಕೂಗುತ್ತಿದ್ದಾಗ, ಅಮ್ಮ ಮೆಲ್ಲಗೆ ಕೇಳಿದಳು: “ಹೀಗೆ ಕರೆದರೆ ನಿಮ್ಮಪ್ಪನೂ ಉತ್ತರ ಕೊಡ್ತಾರೇನೋ?” ಆಫ್‌ಕಾಮ್ ತೀರ್ಪೂ ಫ್ಯಾರಡೆಯ ಪ್ರಯೋಗವೂ ನನ್ನ ನಾಲಗೆಯ ತುದಿಯಲ್ಲಿದ್ದವು. ಹೇಳಲಾಗಲಿಲ್ಲ.

ಅಂದಿನಿಂದ ಈ ಸರಣಿಯನ್ನು ಬರಿಯ ತಮಾಷೆಯೆಂದು ನೋಡಲು ನನಗೆ ಸಾಧ್ಯವಾಗಿಲ್ಲ. ‘ಯಾರಾದರೂ ಇದ್ದೀರಾ?’ ಎಂಬ ಅದರ ಪ್ರಶ್ನೆ ಯಾರನ್ನೋ ಕಳೆದುಕೊಂಡ ಪ್ರತಿ ಮನೆಯ ಪ್ರಶ್ನೆ. ಅದರ ಬಾಳಿಕೆ ಇರುವುದು ಅಲ್ಲಿ. ಆ ಪ್ರಶ್ನೆಗೆ ಸುಳ್ಳು ಉತ್ತರ ಕೊಡುವುದು ಅಪರಾಧವಾಗದೆ ಹೋಗಬಹುದು, ಆದರೆ ಅದು ಸಣ್ಣ ತಪ್ಪಲ್ಲ. ಅಮ್ಮನಿಗೆ ನಾನು ಕೊನೆಗೂ ಉತ್ತರ ಕೊಡಲಿಲ್ಲ. ಟಿ.ವಿ. ಆರಿಸಿ, ದೀಪ ಹಾಕಿ, ಅಪ್ಪನ ಹಳೆಯ ಕಥೆಯೊಂದನ್ನು ಹೇಳೆಂದು ಕೇಳಿದೆ.