ನಳಿಕೆ ನುಂಗಿದವರು

ಹೋದ ಬೇಸಿಗೆಯಲ್ಲಿ, ಇಲ್ಲಿ ಪುಣೆಯಲ್ಲಿ, ಡಾಕ್ಟರು ನನಗೆ ಎಂಡೋಸ್ಕೋಪಿ ಮಾಡಿಸಬೇಕು ಎಂದರು. ಮಂಪರಿನ ಇಂಜೆಕ್ಷನ್ ಬೇಕಾದರೆ ಜೊತೆಗೊಬ್ಬರು ಇರಲೇಬೇಕು, ಆಮೇಲೆ ಅವರೇ ಮನೆಗೆ ಕರೆದೊಯ್ಯಬೇಕು ಎಂಬ ನಿಯಮವನ್ನೂ ಹೇಳಿದರು. ಹೆಂಡತಿ, ಮಗಳು ರಜೆಗೆಂದು ದಾವಣಗೆರೆಗೆ ಹೋಗಿದ್ದರು. ಅಮ್ಮನಿಗೆ ಹೇಳಿದರೆ ರಾತ್ರಿ ಬಸ್ಸಿಗೇ ಹೊರಟುಬಿಡುತ್ತಾಳೆ. ಹದಿನಾರು ವರ್ಷದಿಂದ ಈ ಊರಲ್ಲಿದ್ದೇನೆ, ಫೋನಿನ ತುಂಬ ನಂಬರುಗಳಿವೆ. ಆದರೆ ಕೆಲಸದ ದಿನ ಬೆಳಿಗ್ಗೆ ಎರಡು ಗಂಟೆ ಆಸ್ಪತ್ರೆ ಬೆಂಚಿನ ಮೇಲೆ ಕೂತಿರು ಎಂದು ಕೇಳಲು ಯಾವ ನಂಬರೂ ಸರಿಯೆನಿಸಲಿಲ್ಲ. ಮಂಪರು ಬೇಡ, ಗಂಟಲಿಗೆ ಸ್ಪ್ರೇ ಸಾಕು ಎಂದು ಹೇಳಿ ಬಂದೆ.

ಹೆದರಿಕೆ ಶುರುವಾದದ್ದು ಮನೆಗೆ ಬಂದ ಮೇಲೆ. ಹಲ್ಲುಜ್ಜುವ ಬ್ರಶ್ಶು ಸ್ವಲ್ಪ ಒಳಗೆ ಹೋದರೂ ಓಕರಿಸುವವನು ನಾನು. ನಿದ್ದೆ ಬರದ ಮೂರು ರಾತ್ರಿ ಈ ನಳಿಕೆಯ ಇತಿಹಾಸ ಓದಿದೆ.

ಕಥೆ 1868ರಲ್ಲಿ, ಜರ್ಮನಿಯ ಫ್ರೈಬುರ್ಗ್‌ನಲ್ಲಿ ಶುರುವಾಗುತ್ತದೆ. ಅಡಾಲ್ಫ್ ಕುಸ್‌ಮೌಲ್ ಎಂಬ ವೈದ್ಯನಿಗೆ ಬದುಕಿರುವ ಮನುಷ್ಯನ ಜಠರದೊಳಗೆ ಇಣುಕಬೇಕಿತ್ತು. ಅವನ ಬಳಿಯಿದ್ದದ್ದು ಬಾಗದ, ನೇರವಾದ ಲೋಹದ ನಳಿಕೆ. ಅದನ್ನು ನುಂಗಬಲ್ಲವರು ಯಾರು? ಕತ್ತಿ ನುಂಗಿ ಹೊಟ್ಟೆ ಹೊರೆಯುವ ಒಬ್ಬ ಆಟಗಾರ ಸಿಕ್ಕ. ಅವನು ತಲೆಯನ್ನು ಹಿಂದಕ್ಕೆ ಚೆಲ್ಲಿ ನಳಿಕೆಯನ್ನು ಒಳಗಿಳಿಸಿಕೊಂಡ. ಆದರೆ ದೀಪದ ಬೆಳಕು ಅಷ್ಟು ಆಳಕ್ಕೆ ಸಾಲದೆ ಕುಸ್‌ಮೌಲ್‌ಗೆ ಹೆಚ್ಚೇನೂ ಕಾಣಲಿಲ್ಲ. ಒಂದು ಮಾತ್ರ ಖಚಿತವಾಯಿತು: ಗಂಟಲಿನ ಓಕರಿಕೆಯನ್ನು ಅಭ್ಯಾಸದಿಂದ ಪಳಗಿಸಬಹುದು.

ಅಭ್ಯಾಸವಿಲ್ಲದ ನಮ್ಮಂಥವರಿಗೆ ಮೊದಲ ಸಹಾಯ ಬಂದದ್ದು 1884ರಲ್ಲಿ. ಕೊಕೇನ್ ಹನಿಯಿಂದ ಕಣ್ಣು ಮರಗಟ್ಟುತ್ತದೆ ಎಂದು ವಿಯೆನ್ನಾದ ಕಾರ್ಲ್ ಕೊಲ್ಲರ್ ತೋರಿಸಿದ. ಬೇಗನೆ ಅದನ್ನು ಗಂಟಲಿಗೂ ಬಳಸತೊಡಗಿದರು. ಇಂದಿನ ಸ್ಪ್ರೇಯಲ್ಲಿರುವ ಲಿಗ್ನೋಕೇನ್ 1943ರಲ್ಲಿ ಸ್ವೀಡನ್ನಿನಲ್ಲಿ ತಯಾರಾಯಿತು. ಅಲ್ಲಿ ಬೆಂಗ್ಟ್ ಲುಂಡ್‌ಕ್ವಿಸ್ಟ್ ಎಂಬ ಯುವ ರಸಾಯನ ವಿಜ್ಞಾನಿ ಅದನ್ನು ತನಗೇ ಚುಚ್ಚಿಕೊಂಡು ನೋಡಿದ್ದ.

ನಡುವೆ ಮ್ಯೂನಿಕ್‌ನ ರುಡಾಲ್ಫ್ ಶಿಂಡ್ಲರ್ ಬರುತ್ತಾನೆ. 1932ರಲ್ಲಿ ಅವನು ಮತ್ತು ಉಪಕರಣ ತಯಾರಕ ಗೇಯೋರ್ಗ್ ವುಲ್ಫ್ ಸೇರಿ, ಕೆಳಭಾಗ ಸ್ವಲ್ಪ ಬಾಗುವ ನಳಿಕೆ ಮಾಡಿದರು. ಒಳಗೆ ಸಾಲಾಗಿ ಮಸೂರಗಳು. ರೋಗಿ ಎಡಮಗ್ಗುಲಾಗಿ ಮಲಗಿದ್ದಷ್ಟು ಹೊತ್ತೂ ತಲೆಗೆ ಕೈ ಆನಿಸಿ ಸರಿಯಾದ ಓರೆಯಲ್ಲಿ ನಿಲ್ಲಿಸುವುದು ಒಂದು ದೊಡ್ಡ ಹೊಣೆ. ಅದನ್ನು ಹೊತ್ತವಳು ಶಿಂಡ್ಲರನ ಹೆಂಡತಿ ಗೇಬ್ರಿಯೆಲ್. ನಾಜಿಗಳು ಅವನನ್ನು ಬಂಧಿಸಿ, ಬಿಟ್ಟ ಮೇಲೆ 1934ರಲ್ಲಿ ಇಬ್ಬರೂ ಶಿಕಾಗೋ ಸೇರಿದರು. ಅವರೂ ವಲಸಿಗರೇ.

ನಳಿಕೆ ಪೂರ್ತಿ ಬಾಗುವಂತಾಗಲು ಗಾಜಿನ ಎಳೆ ಬೇಕಾಯಿತು. 1954ರಲ್ಲಿ ಲಂಡನ್ನಿನ ಹೆರಾಲ್ಡ್ ಹಾಪ್‌ಕಿನ್ಸ್ ಮತ್ತು ಪಂಜಾಬಿನ ಮೋಗಾದಲ್ಲಿ ಹುಟ್ಟಿದ ನರಿಂದರ್ ಸಿಂಗ್ ಕಪಾನಿ, ಗಾಜಿನ ಎಳೆಗಳ ಕಟ್ಟಿನ ಮೂಲಕ ಚಿತ್ರ ಸಾಗಿಸಬಹುದೆಂದು 'ನೇಚರ್' ಪತ್ರಿಕೆಯಲ್ಲಿ ಬರೆದರು. ಅದರ ಹಿಂದೆ ಬಿದ್ದವನು ಮಿಶಿಗನ್ನಿನಲ್ಲಿದ್ದ, ದಕ್ಷಿಣ ಆಫ್ರಿಕಾ ಮೂಲದ ಬೇಸಿಲ್ ಹಿರ್ಶೊವಿಟ್ಜ್. 1957ರ ಆರಂಭದಲ್ಲಿ ಉಪಕರಣ ಸಿದ್ಧವಾದಾಗ ಅವನು ಮೊದಲು ತಾನೇ ನುಂಗಿದ, ಆಮೇಲೆ ರೋಗಿಗೆ ಹಾಕಿದ. ಕತ್ತಿ ನುಂಗುವವನಿಂದ ಇಲ್ಲಿಗೆ 89 ವರ್ಷ. ನಳಿಕೆಗೆ ತಕ್ಕಂತೆ ಮನುಷ್ಯ ಬಾಗುತ್ತಿದ್ದ ಕಾಲ ಹೋಗಿ, ಮನುಷ್ಯನಿಗೆ ತಕ್ಕಂತೆ ನಳಿಕೆ ಬಾಗುವುದನ್ನು ಕಲಿತಿತ್ತು.

ಓದಿದ್ದರಿಂದ ಹೆದರಿಕೆ ಹೋಯಿತೆಂದರೆ ಸುಳ್ಳಾಗುತ್ತದೆ. ಅದಕ್ಕೊಂದು ಅಂಚು ಸಿಕ್ಕಿತು, ಅಷ್ಟೆ. ನಳಿಕೆ ಹೋಗುವುದು ಅನ್ನನಾಳಕ್ಕೆ. ಉಸಿರಿನ ದಾರಿ ಬೇರೆ, ಅದು ತೆರೆದೇ ಇರುತ್ತದೆ. ಓಕರಿಕೆ ಬಂದರೆ ಅದು ಗಂಟಲು ತನ್ನ ಕೆಲಸ ಮಾಡುತ್ತಿರುವುದು, ನಾನು ಸೋತದ್ದಲ್ಲ.

ಆ ಬೆಳಿಗ್ಗೆ ಸ್ಪ್ರೇ ಹೊಡೆದರು. ಕಹಿ, ಆಮೇಲೆ ಗಂಟಲಲ್ಲಿ ಮರದ ತುಂಡು ಕೂತ ಹಾಗೆ. ಎಡಮಗ್ಗುಲಾಗಿ ಮಲಗಿಸಿ ಹಲ್ಲಿನ ನಡುವೆ ಪ್ಲಾಸ್ಟಿಕ್ ಬಳೆ ಇಟ್ಟರು. ನಳಿಕೆ ಒಳಗಿಳಿದಾಗ ಎರಡು ಸಲ ಜೋರಾಗಿ ಓಕರಿಸಿದೆ, ಕಣ್ಣಲ್ಲಿ ನೀರು. ಆಗ ಹಿಂದಿನಿಂದ ಒಂದು ಕೈ ಬಂದು ತಲೆಗೆ ಆಸರೆಯಾಯಿತು. 'ನಾಕಾನೇ ಶ್ವಾಸ ಘ್ಯಾ, ಕಾಕಾ' ಎಂದರು ಸಿಸ್ಟರ್. ಮೂಗಿನಲ್ಲಿ ಉಸಿರಾಡಿದೆ. ಜೊಲ್ಲು ನುಂಗದೆ ಹರಿಯಲು ಬಿಟ್ಟೆ. ಗೋಡೆಯ ಸ್ವಿಚ್ಚುಗಳನ್ನು ಎಣಿಸಿದೆ: ಏಳು. ಮತ್ತೆ ಮೊದಲಿಂದ ಎಣಿಸಿದೆ. 'ಝಾಲಂ' ಎಂದರು. ಐದಾರು ನಿಮಿಷವಾಗಿತ್ತಂತೆ.

ಗೇಬ್ರಿಯೆಲ್ ನೆನಪಾದಳು. ಇಷ್ಟು ವರ್ಷದಲ್ಲಿ ಲೋಹ ಹೋಯಿತು, ಮಸೂರ ಹೋಯಿತು, ಆ ಕೈ ಮಾತ್ರ ಹಾಗೇ ಉಳಿದಿದೆ.

ಸಣ್ಣ ಹುಣ್ಣು, ಎರಡು ತಿಂಗಳ ಮಾತ್ರೆ. ಸಂಜೆ ಲಿಫ್ಟಿನಲ್ಲಿ ಸಿಕ್ಕ ಕೆಳಮನೆಯ ಬೆಳಗಾವಿ ಹಿರಿಯರಿಗೆ ವಿಷಯ ಹೇಳಿದೆ. ಅವರು ನಿಜಕ್ಕೂ ಸಿಟ್ಟಾದರು. 'ಒಂದ್ ಮಾತ್ ಹೇಳಬಾರದಾಗಿತ್ತೇನ್ರೀ? ನಾ ಬಂದು ಕುಂದರ್ತಿದ್ನಲ್ಲ!'

ಕೇಳಬಹುದಿತ್ತು. ಅದೊಂದು ನನಗೆ ಹೊಳೆದೇ ಇರಲಿಲ್ಲ.